ಹಿಂದಿನ ಸೀಟಿನವಳಿಗೆ

ಗುರುವಾರ, ಮಧ್ಯಾಹ್ನ
ಹೆದ್ದಾರಿ ಪಕ್ಕದ ಗ್ಯಾರೇಜಿನ ಬೆಂಚು

ಉದ್ದಕ್ಕನಿಗೆ,

ಮೊದಲು 'ಪ್ರೀತಿಯ' ಎಂದು ಬರೆದಿದ್ದೆ, ಆಮೇಲೆ ಹೊಡೆದು ಹಾಕಿದೆ. ಗೀಟಿನ ಕೆಳಗೆ ಅಕ್ಷರ ಕಾಣುತ್ತದೆ, ಕಂಡರೆ ಕಾಣಲಿ. ದೇವರ ದಯೆಯಿಂದ ನಾನು ಬದುಕಿದ್ದೇನೆ. ನೀನೂ ಕ್ಷೇಮವೆಂದು ನಂಬಿದ್ದೇನೆ. ಮನೆಯಲ್ಲೇ ಕುಳಿತವರಿಗೆ ಏನಾಗುತ್ತದೆ?

ನಿನ್ನ ಏಳು ಫೋನನ್ನೂ ಬೇಕೆಂದೇ ಎತ್ತಲಿಲ್ಲ. ಫೋನಿನಲ್ಲಿ ನನಗೆ ಅರ್ಧ ಮಾತು ಕೇಳಿಸುತ್ತದೆ, ಉಳಿದರ್ಧ ನಾನೇ ಹೊಂದಿಸಿಕೊಳ್ಳುತ್ತೇನೆ. ಈಗಿನ ಸಿಟ್ಟಿನಲ್ಲಿ ಹೊಂದಿಸಿಕೊಂಡರೆ ನೀನು ಆಡದ ಮಾತನ್ನೆಲ್ಲ ನಿನ್ನ ಬಾಯಿಗೆ ಹಾಕಿಬಿಡುತ್ತೇನೆ. ಅದಕ್ಕೇ ಈ ಕಾಗದ. ಗ್ಯಾರೇಜಿನವನು ತನ್ನ ರಸೀದಿ ಪುಸ್ತಕದಿಂದ ಹಾಳೆ ಹರಿದುಕೊಟ್ಟ. ಎಣ್ಣೆಕಲೆ ಅವನದು, ನನ್ನದಲ್ಲ.

ಮಂಗಳವಾರ, ನಾವಿಬ್ಬರೂ ಹೋಗಿ ಬೈಕ್ ಕೊಂಡು ತರಬೇಕಿದ್ದ ದಿನ, ಬಸ್ ನಿಲ್ದಾಣದಲ್ಲಿ ನಾನು ನಿನಗಾಗಿ ಕಾಯಲಿಲ್ಲ. 'ಭಯ ಆಗ್ತಿದೆ ಕಣೇ, ಬರಲ್ಲ, ತಪ್ಪು ತಿಳ್ಕೋಬೇಡ' ಎಂದು ನೀನು ಕಳಿಸಿದ್ದನ್ನು ಓದಿ ಮೊದಲ ಬಸ್ಸಿಗೇ ಹತ್ತಿದೆ.

ಆದರೆ ನಿನ್ನ ಬದಲು ಯಾರನ್ನು ಕಳಿಸಿದೆ ನೀನು? ವ್ಯಾನ್ ಡ್ರೈವರನನ್ನು. ಆಸ್ಪತ್ರೆಯ ಲಾಂಡ್ರಿಯಿಂದ ವಾರ್ಡಿಗೆ ಬಟ್ಟೆ ಸಾಗಿಸುತ್ತಿದ್ದವನನ್ನು, ತನ್ನ ಹಳೇ ಬೈಕಿನಲ್ಲಿ ನಮಗೆ ಓಡಿಸಲು ಕಲಿಸಿದವನನ್ನು. ಅವನು ಬಂದವನೇ ನನ್ನ ಕಿವಿಗೆ ಬಾಯಿಟ್ಟು ಇಡೀ ನಿಲ್ದಾಣ ತಿರುಗಿ ನೋಡುವ ಹಾಗೆ ಕೂಗಿದ: "ಅಕ್ಕಾ! ಗಾಡಿ ನಾನ್ ಓಡಿಸ್ಕೊಂಡ್ ಬರ್ತೀನಿ! ನೀವ್ ಬಸ್ಸಲ್ಲಿ ವಾಪಸ್ ಬಂದ್ಬಿಡಿ!"

"ಯಾಕೋ ಕೂಗ್ತೀಯ? ನಾನೇನು ಹೊಳೆ ಆಚೆ ನಿಂತಿದ್ದೀನಾ?" ಅಂದೆ.

ಅವನು ತಲೆ ತಗ್ಗಿಸಿಕೊಂಡು, "ಅಲ್ಲಕ್ಕ, ಉದ್ದಕ್ಕ ಹೇಳಿದ್ರು, ನಿಮಗೆ ಕಿವಿ..." ಎಂದು ಅಷ್ಟಕ್ಕೇ ನಿಲ್ಲಿಸಿದ. ಉಳಿದದ್ದನ್ನು ಹೊಂದಿಸಿಕೊಳ್ಳಲು ನನಗೆ ಕಷ್ಟವಾಗಲಿಲ್ಲ.

ಬಟ್ಟೆ ಒಣಗಿಸುವ ಆ ಯಂತ್ರಗಳ ನಡುವೆ ಇಪ್ಪತ್ತೆರಡು ವರ್ಷ ನಿಂತು ನನ್ನ ಕಿವಿ ಹೋಗುತ್ತಾ ಬಂತೆಂದು ಗೊತ್ತಿದ್ದದ್ದು ಇಬ್ಬರಿಗೆ, ನಿನಗೆ ಮತ್ತು ದೇವರಿಗೆ. ದೇವರು ಯಾರಿಗೂ ಹೇಳಲಿಲ್ಲ.

ಅವನನ್ನು ಅಲ್ಲಿಂದಲೇ ಸಾಗಹಾಕಿದೆ. "ನಿಮ್ಮಿಬ್ಬರ ನಡುವೆ ನನಗ್ಯಾಕಪ್ಪಾ ಬೇಕಿತ್ತು" ಎಂದು ಗೊಣಗಿಕೊಂಡು ಹೋದ. ಅದು ಮಾತ್ರ ಸರಿಯಾಗಿ ಕೇಳಿಸಿತು ನೋಡು.

ಇಡೀ ದಿನದ ಬಸ್ಸು. ಬುಧವಾರ ಗಾಡಿ ಕೊಡುವ ಬ್ರೆಡ್ಡಿನವನ ಮನೆ ಹುಡುಕಿದೆ. ಗಾಡಿ ನಾವು ಚಿತ್ರದಲ್ಲಿ ನೋಡಿದ ಹಾಗೇ ಇದೆ. ತಗ್ಗಾದ ಸೀಟು, ಎರಡೂ ಕಡೆ ಬ್ರೆಡ್ ಪೆಟ್ಟಿಗೆ ಕಟ್ಟಲು ಬೆಸೆದ ಕಬ್ಬಿಣದ ಚೌಕಟ್ಟು. ನಾವು ಶುರು ಮಾಡುವ ಲಾಂಡ್ರಿಯ ಬೆಡ್‌ಶೀಟಿನ ಗಂಟು ಅದರಲ್ಲಿ ಅಳತೆ ತೆಗೆದಂತೆ ಕೂರುತ್ತದೆ. ಇಂಥದ್ದು ನಮ್ಮ ಕಡೆ ಸಿಕ್ಕಿದ್ದರೆ ನಾನು ಇಷ್ಟು ದೂರ ಯಾಕೆ ಬರುತ್ತಿದ್ದೆ? ಬ್ರೆಡ್ಡಿನವನು, "ಇಬ್ರು ಬರ್ತೀವಿ ಅಂದಿದ್ರಲ್ಲ, ಇನ್ನೊಬ್ರೆಲ್ಲಿ?" ಎಂದು ಕೇಳಿದ. ಹುಷಾರಿಲ್ಲ ಅಂದೆ. ನಿನ್ನಿಂದ ನನಗೆ ಸುತ್ತಿಕೊಂಡ ಸುಳ್ಳುಗಳಲ್ಲಿ ಅದು ಮೊದಲನೆಯದು.

ಇವತ್ತು ಬೆಳಿಗ್ಗೆ ಕೈಮುಗಿದು ಹೊರಟೆ. ಈಗ ನಾನು ಮಾಡಿದ ಪೆದ್ದುತನ ಕೇಳು. ನೀನು ನಗುತ್ತೀಯ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ಆಸ್ಪತ್ರೆ ಹಿಂದಿನ ಮೈದಾನದಲ್ಲಿ ನಾವು ಹೇಗೆ ಕಲಿತೆವು? ಹ್ಯಾಂಡಲ್ ನನ್ನದು, ಕಿವಿ ನಿನ್ನದು. ಎಂಜಿನ್ ಸದ್ದು ಕೇಳಿ ನೀನು ಹಿಂದಿನಿಂದ ಭುಜಕ್ಕೆ ಒಂದು ಸಲ ತಟ್ಟಿದರೆ ಗೇರು ಮೇಲಕ್ಕೆ, ಎರಡು ಸಲ ತಟ್ಟಿದರೆ ಕೆಳಕ್ಕೆ. ಆರು ತಿಂಗಳು ಹಾಗೇ. ಪರೀಕ್ಷೆಯ ದಿನ ನೀನು ಹಿಂದೆ ಇರಲಿಲ್ಲ, ಆದರೆ ಅಲ್ಲಿ ಎರಡನೇ ಗೇರು ದಾಟಬೇಕಾಗಿಯೂ ಬರಲಿಲ್ಲ, ಲೈಸೆನ್ಸ್ ಸಿಕ್ಕಿಬಿಟ್ಟಿತು. ಇವತ್ತು ಎರಡನೇ ಗೇರಿಗೆ ಹಾಕಿದ ಮೇಲೆ ನನ್ನ ಕಾಲು ಸುಮ್ಮನೆ ಕೂತುಬಿಟ್ಟಿತು. ಯಾಕೆ? ಭುಜ ಯಾರೂ ತಟ್ಟಲಿಲ್ಲ. ತಲೆಗೆ ಗೊತ್ತಿದೆ ನೀನಿಲ್ಲವೆಂದು, ಕಾಲಿಗೆ ಗೊತ್ತಿಲ್ಲ. ಹಾಗೇ ಎರಡನೇ ಗೇರಿನಲ್ಲಿ ಹೆದ್ದಾರಿ ಹಿಡಿದು ಎರಡು ಗಂಟೆ ಬಂದಿದ್ದೇನೆ! ದಾರಿಯುದ್ದಕ್ಕೂ ಜನ ನನ್ನತ್ತ ಕೈ ಬೀಸುತ್ತಿದ್ದರು. ಈ ಕಡೆಯ ಜನ ಎಷ್ಟು ಒಳ್ಳೆಯವರಪ್ಪಾ ಎಂದು ನಾನೂ ಒಂದಿಬ್ಬರಿಗೆ ಕೈ ಬೀಸಿದೆ.

ಕಾಲಿನ ಹತ್ತಿರ ಹೊಗೆ ಬಂದಾಗ ತಿಳಿಯಿತು ಅವರು ಯಾಕೆ ಬೀಸುತ್ತಿದ್ದರೆಂದು. ಗಾಡಿ ನಿಂತೇಹೋಯಿತು. ಸುಡುವ ಬಿಸಿಲಿನಲ್ಲಿ ತಳ್ಳಿಕೊಂಡು ಬಂದೆ. ತಳ್ಳುವಾಗ ಏನೋ ಕಬ್ಬಿಣ ಹೆಜ್ಜೆಹೆಜ್ಜೆಗೂ ಮೊಳಕಾಲಿನ ಕೆಳಗೆ ಬಡಿದು ಅಲ್ಲೆಲ್ಲ ನೀಲಿಗಟ್ಟಿದೆ. ದೇವರ ಹೆಸರು ಹೇಳಿಕೊಂಡೇ ತಳ್ಳಿದೆ, ನಡುನಡುವೆ ನಿನ್ನ ಹೆಸರೂ ಬಂತು. ಅದು ಪ್ರಾರ್ಥನೆಯಲ್ಲ.

ಗ್ಯಾರೇಜಿನವನು ಮುಟ್ಟಿ ನೋಡಿ ಕೈ ಕೊಡವಿಕೊಂಡ. "ಅಮ್ಮಾ, ಇದು ಬೆಳಿಗ್ಗೆಯಿಂದ ಕಿರುಚ್ಕೊಂಡೇ ಬಂದಿದೆ. ನಿಮಗೆ ಕೇಳಿಸ್ಲೇ ಇಲ್ವಾ?"

"ಹಳೇ ಗಾಡಿ, ಅದರ ಸದ್ದೇ ಹಾಗೆ ಅಂದ್ಕೊಂಡೆ" ಅಂದೆ. ಎರಡನೇ ಸುಳ್ಳು. ಬೆಂಚಿನ ಮೇಲೆ ಕೂತು ದೇವರ ಹತ್ತಿರ ತಪ್ಪಾಯಿತೆಂದೆ, ಆಮೇಲೆ ಎದ್ದುಹೋಗಿ ಅವನಿಗೆ ನಿಜ ಹೇಳಿದೆ. ನನ್ನ ಬಾಯಿಂದ, ನಾನಾಗಿಯೇ. ಅವನು ದನಿ ಒಂದಿಷ್ಟೂ ಏರಿಸಲಿಲ್ಲ, ನನ್ನ ಮುಖಕ್ಕೆ ನೇರವಾಗಿ ತಿರುಗಿ ಮಾತಾಡಿದ. ಅಷ್ಟೇ ಸಾಕಿತ್ತು, ಉದ್ದಕ್ಕ. ಎಲ್ಲರಿಗೂ ಅಷ್ಟೇ ಹೇಳಿದ್ದರೂ ಸಾಕಿತ್ತು.

"ಕಿವಿ ಬಿಡಿ, ಮಂಡಿಯಲ್ಲಿ ತಿಳ್ಕೊಳ್ಳಿ" ಅಂದ. ಎಂಜಿನ್ ತಣ್ಣಗಾದ ಮೇಲೆ ಹೊಸ ಆಯಿಲ್ ಹಾಕಿ, ಶುರು ಮಾಡಿ, ನನ್ನ ಎರಡೂ ಮಂಡಿಯನ್ನು ಪೆಟ್ರೋಲ್ ಟ್ಯಾಂಕಿಗೆ ಒತ್ತಿಸಿದ. ನಡುಕ ಸಣ್ಣಗೆ ಜುಮ್ಮೆನ್ನುತ್ತಾ ತೊಡೆಗೇರಿದರೆ ಗೇರು ಮೇಲಕ್ಕೆ. ದಪ್ಪಗೆ ದಡದಡ ಎಂದರೆ ಕೆಳಕ್ಕೆ. ನಾಲ್ಕು ಸುತ್ತಿನಲ್ಲಿ ಬಂದುಬಿಟ್ಟಿತು. ಇನ್ನು ನನಗೆ ಭುಜ ತಟ್ಟುವವರು ಬೇಕಾಗಿಲ್ಲ. ಇದನ್ನು ಎರಡು ಸಲ ಓದಿಕೋ.

ಕರೆಯುತ್ತಿದ್ದಾನೆ. ಉಳಿದದ್ದು ಮನೆಗೆ ಬಂದ ಮೇಲೆ.

ಶನಿವಾರ, ಬೆಳಿಗ್ಗೆ
ಮನೆ

ನಿನ್ನೆ ಬೆಳಕಿರುವಾಗಲೇ ಬಂದು ಮುಟ್ಟಿದೆ. ಬೀಳಲಿಲ್ಲ. ಒಂದು ಸಲ ಬಿದ್ದೆ, ನಿಂತಿದ್ದಾಗ, ಅದು ಲೆಕ್ಕಕ್ಕಿಲ್ಲ.

ಬಂದವಳು ಮೊದಲು ಹಿತ್ತಲ ಶೆಡ್ಡಿಗೆ ಹೋದೆ. ತೊಟ್ಟಿ ಎರಡೂ ಒಣಗಿವೆ, ಯಂತ್ರಕ್ಕೆ ನೀನು ಹೊದಿಸಿದ ಬಟ್ಟೆ ಹಾಗೇ ಇದೆ. ನಮ್ಮ ಮೊದಲ ಗಿರಾಕಿ ಆ ಅತಿಥಿಗೃಹದವರ ಮಾತು ನಿನಗೂ ನೆನಪಿರಬೇಕು. ಸೋಮವಾರ ಬೆಳಿಗ್ಗೆ ಆರಕ್ಕೆ ಅರವತ್ತು ಬೆಡ್‌ಶೀಟು ಕೊಡುತ್ತಾರೆ, ಸಂಜೆ ಐದಕ್ಕೆ ಮಡಚಿ ತಲುಪಿಸಬೇಕು. ಮೊದಲ ದಿನವೇ ತಪ್ಪಿದರೆ ಬೇರೆಯವರಿಗೆ. ಆಸ್ಪತ್ರೆಯವರು ಲಾಂಡ್ರಿ ಮುಚ್ಚಿ ನಮ್ಮನ್ನು ಕೈಬಿಟ್ಟ ದಿನ ಗೇಟಿನ ಹತ್ತಿರ ನಿಂತು, "ಇನ್ನೊಬ್ಬರ ಗಂಟೆಗೆ ಕುಣಿದದ್ದು ಸಾಕು, ನಮ್ದೇ ಶುರು ಮಾಡೋಣ" ಅಂದದ್ದು ನೀನು. ನಾನಲ್ಲ. ನಾನು ದೇವರನ್ನು ಕೇಳಿ ಹೇಳುತ್ತೇನೆ ಅಂದಿದ್ದೆ. ಕೇಳಿ, ಒಪ್ಪಿಸಿ, ಬಂದರೆ ನಿನಗೆ ಭಯ!

ಭಯ ನನಗಿಲ್ಲವೇನೇ? ಲಾರಿ ಪಕ್ಕದಲ್ಲೇ ಬಂದರೂ ಅದರ ನೆರಳು ಮೈಮೇಲೆ ಬೀಳುವ ತನಕ ನನಗೆ ಗೊತ್ತಾಗುವುದಿಲ್ಲ. ಕನ್ನಡಿ ನೋಡಿನೋಡಿ ಕತ್ತು ಸೆಟೆದುಕೊಂಡಿದೆ. ನಿನ್ನ ಭಯ ನನಗೆ ಅರ್ಥವಾಗುತ್ತದೆ. ನನ್ನನ್ನು ಒಂದು ಮಾತೂ ಕೇಳದೆ ನನ್ನ ಕಿವಿಯ ವಿಷಯ ಡ್ರೈವರನಿಗೆ ಹೇಳಿದೆಯಲ್ಲ, ಅದು ಅರ್ಥವಾಗುತ್ತಿಲ್ಲ. ನನ್ನನ್ನು ಕಾಪಾಡಲು ಹೇಳಿದೆ ಅನ್ನುತ್ತೀಯ. ಗೊತ್ತು. ಅದಕ್ಕೇ ಬೈಯಲೂ ಆಗದೆ ನುಂಗಲೂ ಆಗದೆ ನಾಲ್ಕು ದಿನ ಒದ್ದಾಡಿದ್ದೇನೆ.

ಇವತ್ತು ಬೆಳಿಗ್ಗೆ ಒಬ್ಬಳೇ ಬೆಡ್‌ಶೀಟು ಮಡಚಿ ನೋಡಿದೆ. ಒಂದು ತುದಿಯನ್ನು ಗೋಡೆಯ ಮೊಳೆಗೆ ಸಿಕ್ಕಿಸಿ ಇನ್ನೊಂದು ತುದಿ ಹಿಡಿದು ಹಿಂದೆ ಸರಿದೆ. ಎಳೆದೆ, ಕೊಡವಿದೆ, ಅಂಚು ಕೂಡಿಸಿದೆ. ಆಮೇಲೆ ರೂಢಿಯ ಪ್ರಕಾರ ನಿಂತೆ, ಆ ಕಡೆಯವಳು ತನ್ನ ತುದಿ ತಂದು ನನ್ನ ಕೈಗೆ ಕೊಡಲಿ ಎಂದು. ಮೊಳೆ ನಡೆದು ಬರುವುದಿಲ್ಲ, ಉದ್ದಕ್ಕ. ಒಂದು ಶೀಟಿಗೆ ಹತ್ತು ನಿಮಿಷ ಹಿಡಿಯಿತು. ಅರವತ್ತಕ್ಕೆ ಎಷ್ಟೆಂದು ನೀನೇ ಹೇಳು, ಲೆಕ್ಕದಲ್ಲಿ ನೀನು ಜಾಣೆ.

ಆದರೂ ಮಾಡುತ್ತೇನೆ. ದೇವರು ಎರಡು ಕೈ ಕೊಟ್ಟಿದ್ದಾನೆ. ಈ ಕಾಗದವನ್ನು ಡ್ರೈವರನ ಕೈಯಲ್ಲೇ ಕಳಿಸುತ್ತಿದ್ದೇನೆ. ಅವನ ಮೇಲೆ ಸಿಟ್ಟಿಲ್ಲ, ಹೇಳು. ಕೂಗಬೇಡ ಅಂತಲೂ ಹೇಳು.

ಇತಿ,
ಸೋಮವಾರ ಒಬ್ಬಳೇ ಹೊರಡಲು ಸಿದ್ಧಳಾಗಿರುವ
ಗಿಡ್ಡಕ್ಕ

ಮರೆತ ಮಾತು: ಮೇಲೆ ಎರಡು ಕಡೆ ಸುಳ್ಳು ಬರೆದಿದ್ದೇನೆ, ಹಾಗೇ ಕಳಿಸಿದರೆ ಪ್ರಾರ್ಥನೆಗೆ ಕೂರಲಾಗುವುದಿಲ್ಲ. ನಾನು ಹತ್ತಿದ್ದು ಮೊದಲ ಬಸ್ಸಲ್ಲ, ನಾಲ್ಕನೆಯದು. ಕಾಲಿಗೆ ಬಡಿದದ್ದು 'ಏನೋ ಕಬ್ಬಿಣ'ವೂ ಅಲ್ಲ, ಹಿಂದಿನ ಸೀಟಿನವರು ಕಾಲಿಡುವ ಫುಟ್‌ರೆಸ್ಟು. "ಯಾರೂ ಕೂರಲ್ವಲ್ಲಮ್ಮಾ, ಮಡಚಿಡಿ" ಎಂದು ಬ್ರೆಡ್ಡಿನವನೂ ಹೇಳಿದ, ಗ್ಯಾರೇಜಿನವನೂ ಹೇಳಿದ. ಅಲ್ಲಿಂದ ಇಲ್ಲಿಯವರೆಗೂ ಮಡಚಲಿಲ್ಲ. ಸೋಮವಾರ ಬೆಳಿಗ್ಗೆ ಐದೂವರೆಗೆ ನಿನ್ನ ಗೇಟಿನ ಮುಂದೆ ನಿಲ್ಲಿಸುತ್ತೇನೆ. ಒಳಗಿನಿಂದ ಬರ್ತೀನಿ ಎಂದು ಕೂಗಿದರೂ, ಬರಲ್ಲ ಎಂದು ಕೂಗಿದರೂ ನನಗೆ ಕೇಳಿಸುವುದಿಲ್ಲ. ಬಂದು ಹತ್ತಿ ಕೂತು ಭುಜಕ್ಕೆ ಒಂದು ಸಲ ತಟ್ಟು.