ನನ್ನ ಕೀಸುಳಿಗೆ ಕೈ ಹಾಕಿದವರು ಯಾರು?

ಸಮಸ್ತ ಬಾಗಿಲು ಕಿಟಕಿಗಳ ಸಾರ್ವಭೌಮರೂ, ಕುಂಟು ಕುರ್ಚಿಗಳ ಆಪದ್ಬಾಂಧವರೂ, ಸದ್ಯ ಗೋಡೆಯ ಮೇಲೆ ಫೋಟೊ ಆಗಿರುವವರೂ ಆದ ತಾತನವರ ಪಾದಾರವಿಂದಗಳಿಗೆ (ಫೋಟೊದಲ್ಲಿ ಪಾದ ಕಾಣುತ್ತಿಲ್ಲ, ಇದೆ ಎಂದು ನಂಬಿದ್ದೇನೆ) ಮೊಮ್ಮಗನ ದೂರು.

ನೀವು ಅರ್ಧಕ್ಕೆ ಬಿಟ್ಟುಹೋದ ಮೇಜಿನ ಹಲಗೆ ಇದೆಯಲ್ಲ, ಮರದ ಎಳೆಗಳು ಅಡ್ಡಾದಿಡ್ಡಿ ಸುತ್ತಿಕೊಂಡು, ಯಾವ ಕೀಸುಳಿ ಹಾಕಿ ನುಣುಪು ಮಾಡಹೊರಟರೂ ಚಕ್ಕೆ ಕಿತ್ತು ಬರುತ್ತಿತ್ತಲ್ಲ, ಅದಕ್ಕೆಂದೇ ನಾನೊಂದು ಮರದ ಕೀಸುಳಿ ಮಾಡಿದೆ. ಅಲಗನ್ನು ಮಾಮೂಲಿಗಿಂತ ನೆಟ್ಟಗೆ ನಿಲ್ಲಿಸಿ, ಸಿಪ್ಪೆ ಹೊರಬರುವ ಬಾಯಿಯನ್ನು ಕೂದಲೆಳೆಯಷ್ಟು ಕಿರಿದು ಮಾಡಿದೆ. ಈಗ ಹಲಗೆ ಕನ್ನಡಿಯಂತಾಗುತ್ತಿದೆ. ನಾನು ಮಾಡಿದ್ದು ಇಷ್ಟು ಚೆನ್ನಾಗಿ ಕೆಲಸ ಮಾಡುವುದೇ ಅನುಮಾನಾಸ್ಪದ.

ಸಂಜೆ ಮೊಂಡಾಗಿದ್ದ ಅಲಗು ಬೆಳಿಗ್ಗೆ ಚೂಪಾಗಿರುತ್ತದೆ. ಒಬ್ಬರ ಅಲಗನ್ನು ಇನ್ನೊಬ್ಬರು ಮುಟ್ಟಬಾರದೆಂಬುದು ನಿಮ್ಮದೇ ಕಾನೂನು. ಅದಕ್ಕೇ ನಿನ್ನೆ ಅಲಗು ಬಿಗಿಯುವ ಬೆಣೆಗೂ ಮರಕ್ಕೂ ಸೇರಿಸಿ ಪೆನ್ಸಿಲ್ ಗೆರೆ ಎಳೆದಿಟ್ಟೆ. ಇವತ್ತು ಗೆರೆ ತುಂಡಾಗಿತ್ತು. ಕೂಡಲೇ ಚಿಕ್ಕಪ್ಪನನ್ನು ವಿಚಾರಣೆಗೆ ಕರೆದೆ.

"ನಿನ್ನ ಆಟದ ಸಾಮಾನು ಯಾರಿಗೋ ಬೇಕು, ಹೋಗೋ!"

"ಮತ್ತೆ ಬೆರಳಿಗೆ ಮಸೆಯೋ ಕಲ್ಲಿನ ಮಸಿ ಹೇಗ್ ಬಂತು ಚಿಕ್ಕಪ್ಪ?"

"ಚಾಕು ಮಸೆದೆ."

"ಯಾವ ಚಾಕು? ತೋರ್ಸಿ ನೋಡೋಣ."

ಅವರು ಕೈಯನ್ನು ಜೇಬಿಗೆ ಹಾಕಿಕೊಂಡು, "ನಮ್ಮಪ್ಪ ನಿನ್ನನ್ನ ಮುದ್ದು ಮಾಡಿ ಹಾಳುಮಾಡಿದ್ರು" ಎಂದು ಹೊರಟುಹೋದರು. ತೀರ್ಪು ಕಾಯ್ದಿರಿಸಿದ್ದೇನೆ.

ಒಂದು ಮಾತು ನಮ್ಮಲ್ಲೇ ಇರಲಿ, ತಾತ. ದಿನಾ ಸಂಜೆ ಆ ಅಲಗನ್ನು ಇಟ್ಟಿಗೆಗೆ ಉಜ್ಜಿ ಮೊಂಡು ಮಾಡುವವನು ನಾನೇ. ಬೆಳಗಿನ ನಿದ್ದೆಯಲ್ಲಿ, ನೀವಿದ್ದಾಗಿನ ಹಾಗೆ, ಮಸೆಯುವ ಸದ್ದು ಕೇಳಿಸಿದರೆ, ನೀವು ಎದ್ದಿದ್ದೀರಿ ಅಂದುಕೊಂಡು ಇನ್ನೂ ಸ್ವಲ್ಪ ಹೊತ್ತು ಮಲಗಬಹುದು.