ಹಸಿರು ದೀಪ ಮತ್ತು ನನ್ನ ಅರ್ಧ ಹೆಸರು

ಮಾನ್ಯ ಗ್ರಾಹಕ ಸೇವಾ ಮುಖ್ಯಸ್ಥರೇ,

ನಮ್ಮ ಮನೆಯ ರೂಟರ್ ಕೆಟ್ಟಿದೆ. ಬದಲಿಸಿ ಕೊಡಿ ಎಂದರೆ ನಿಮ್ಮವರು ಕೊಡುತ್ತಿಲ್ಲ. ಕಾರಣ, ಅದರ ಹಸಿರು ದೀಪ ಉರಿಯುತ್ತಿದೆಯಂತೆ! ದೀಪ ಉರಿದರೆ ರೂಟರ್ ಸರಿಯಿದೆ ಎಂಬುದು ನಿಮ್ಮ ನಿಯಮ. ಕಣ್ಣು ತೆರೆದುಕೊಂಡು ಕೂತವರೆಲ್ಲ ಕೆಲಸ ಮಾಡುತ್ತಿದ್ದಾರೆ ಎಂದು ನಂಬುವ ನಿಮ್ಮ ಕಚೇರಿಯ ಮುಗ್ಧತೆಗೆ ನನ್ನ ದೊಡ್ಡ ನಮಸ್ಕಾರ.

ನನಗೆ ಹೊಸದಾಗಿ ಮದುವೆಯಾಗಿದೆ. ‘ನನ್ನ ಗಂಡ’ ಎಂದು ಬರೆಯುವಾಗ ಈಗಲೂ ನಗು ತಡೆಯಲಾಗುವುದಿಲ್ಲ, ಕ್ಷಮಿಸಿ. ಗಂಡನ ಜೊತೆಗೆ ನನಗೆ ಸಿಕ್ಕ ಇನ್ನೊಂದು ಭಾಗ್ಯ ನಮ್ಮತ್ತೆ. ಬೇರೆ ಊರಿನಲ್ಲಿ ಹೊಲಿಗೆ ಕಲಿಸುತ್ತಾರೆ. ಹುಟ್ಟಿನಿಂದ ಕಿವಿ ಕೇಳುವುದಿಲ್ಲ, ಕೈಯಲ್ಲೇ ಮಾತಾಡುತ್ತಾರೆ. ಎಂಥ ಮಾತು ಅಂತೀರಿ! ನಿಮ್ಮ ಸಹಾಯವಾಣಿಯ ಅಷ್ಟುದ್ದದ ರೆಕಾರ್ಡಿಂಗಿನಲ್ಲಿ ಇಲ್ಲದ ವಿಷಯ ಅವರ ಒಂದು ಹುಬ್ಬಿನಲ್ಲಿರುತ್ತದೆ. ಸಂಜೆ ವಿಡಿಯೊ ಕರೆಯಲ್ಲಿ ನನಗೂ ಕೈಮಾತು ಕಲಿಸುತ್ತಿದ್ದರು. ನಾನು ತಪ್ಪಿದರೆ ಪರದೆಯಾಚೆ ಹೊಟ್ಟೆ ಹಿಡಿದು ನಗುತ್ತಿದ್ದರು. ಅಷ್ಟರಲ್ಲಿ ಚಿತ್ರ ನಿಂತುಬಿಡುತ್ತಿತ್ತು. ಮಾತು ಗಾಳಿಯಲ್ಲಿ ಎತ್ತಿದ ಕೈಯಾಗಿ ಅಲ್ಲೇ ಉಳಿಯುತ್ತಿತ್ತು.

ನಿಮ್ಮ ಸಹಾಯವಾಣಿಯ ಹುಡುಗಿಗೆ ಇದನ್ನೆಲ್ಲ ಹೇಳಿದೆ. ‘ಮೇಡಂ, ಆಫ್ ಮಾಡಿ ಆನ್ ಮಾಡಿ ನೋಡಿದ್ರಾ?’ ಎಂದಳು. ‘ನೋಡ್ದೆ ಕಣಮ್ಮ, ನೋಡಿ ನೋಡಿ ಸ್ವಿಚ್ಚೇ ಸವೆದೋಯ್ತು’ ಎಂದೆ. ‘ಹಾಗಾದ್ರೆ ವಿಡಿಯೊ ಆಫ್ ಮಾಡ್ಕೊಂಡು ಮಾತಾಡಿ ಮೇಡಂ, ವಾಯ್ಸ್ ತುಂಬಾ ಕ್ಲಿಯರಾಗಿ ಬರುತ್ತೆ!’ ಮಾನ್ಯರೇ, ಆ ಹುಡುಗಿಯ ಮೇಲೆ ನನಗೆ ಕೋಪವಿಲ್ಲ. ಅವಳ ಪರದೆಯ ಮೇಲೆ ಆ ಉತ್ತರ ಬರೆದಿಟ್ಟವರು ಯಾರು? ಕಿವಿ ಕೇಳದ ಅತ್ತೆಗೆ ಕ್ಲಿಯರಾದ ವಾಯ್ಸು!

ನಿಮ್ಮ ಆಫ್-ಆನ್ ಉಪದೇಶವನ್ನು ನಾವು ಎಷ್ಟು ಶ್ರದ್ಧೆಯಿಂದ ಪಾಲಿಸಿದೆವೆಂದರೆ, ನನ್ನ ಕರೆ ತಡವರಿಸಿದರೆ ಸಾಕು, ಚೆನ್ನಾಗಿ ಬರಲೆಂದು ಗಂಡ ಸದ್ದಿಲ್ಲದೆ ಹೋಗಿ ರೂಟರ್ ಆರಿಸಿ ಮತ್ತೆ ಹಾಕುತ್ತಿದ್ದ. ಅವನ ಮೀಟಿಂಗ್ ನಡುವೆ, ಅದು ಸುಗಮವಾಗಲೆಂದು, ನಾನೂ ಬೆಕ್ಕಿನ ಹೆಜ್ಜೆಯಿಟ್ಟು ಅದನ್ನೇ ಮಾಡುತ್ತಿದ್ದೆ. ಇಬ್ಬರೂ ಬಾಯಿಬಿಟ್ಟಿರಲಿಲ್ಲ. ಹೊಸ ಮದುವೆ ನೋಡಿ, ಉಪಕಾರವನ್ನೂ ಗುಟ್ಟಾಗಿ ಮಾಡುವ ಕಾಲ. ಒಂದು ದಿನ ಚಪ್ಪಲಿ ಗೂಡಿನ ಮೇಲಿದ್ದ ಆ ಡಬ್ಬಿಯ ಮುಂದೆ ಇಬ್ಬರೂ ಕೈಚಾಚಿದಾಗಲೇ ಸಿಕ್ಕಿಬಿದ್ದೆವು. ‘ಅಯ್ಯೋ ಪುಣ್ಯಾತ್ಗಿತ್ತಿ, ನನ್ನ ಮೀಟಿಂಗ್ ಕೊಲ್ತಿದ್ದಿದ್ದು ನೀನಾ?’ ‘ನಮ್ಮತ್ತೇನ ಕಲ್ಲು ಮಾಡ್ತಿದ್ದಿದ್ದು ನೀನಾ?’

ನಕ್ಕು ಸುಸ್ತಾಗಿ, ಇನ್ನು ಯಾರೂ ಮುಟ್ಟಬಾರದು ಎಂದು ಒಪ್ಪಂದ ಮಾಡಿಕೊಂಡೆವು. ಆದರೂ ಸಂಪರ್ಕ ಕಡಿಯುವುದು ನಿಲ್ಲಲಿಲ್ಲ. ಆಗ ನಿಮ್ಮವರು ಮಾಡಬೇಕಾದ ಪರೀಕ್ಷೆಯನ್ನು ನಾವೇ ಮಾಡಿದೆವು. ರೂಟರನ್ನು ಗೂಡಿನಿಂದ ಎತ್ತಿ ಹಜಾರದ ನಡುವೆ ತೆರೆದ ಜಾಗದಲ್ಲಿಟ್ಟೆವು. ಪಕ್ಕದಲ್ಲೇ ಫೋನ್ ಹಿಡಿದು ಕೂತರೂ ವೈಫೈ ಮಾಯ. ಡಬ್ಬಿ ಮುಟ್ಟಿದರೆ ಇಸ್ತ್ರಿ ಪೆಟ್ಟಿಗೆ. ಆಮೇಲೆ ಗಂಡನ ಆಫೀಸ್ ಲ್ಯಾಪ್‌ಟಾಪಿಗೆ ನೇರವಾಗಿ ಕೇಬಲ್ ಚುಚ್ಚಿದೆವು. ಇಡೀ ದಿನ ಒಮ್ಮೆಯೂ ಕಡಿಯಲಿಲ್ಲ, ಅದೇ ಹೊತ್ತಿನಲ್ಲಿ ನನ್ನ ಕೈಯಲ್ಲಿದ್ದ ಫೋನ್ ಮಾತ್ರ ಪದೇ ಪದೇ ಒದ್ದಾಡಿತು. ಅಂದರೆ ನಿಮ್ಮ ಲೈನು ಚಿನ್ನ, ನಿಮ್ಮ ಡಬ್ಬಿ ಗುಜರಿ. ಇದನ್ನು ತಿಳಿಯಲು ಇಂಜಿನಿಯರಿಂಗ್ ಓದಬೇಕೇ? ಆ ಲ್ಯಾಪ್‌ಟಾಪಿನಲ್ಲೇ ಅತ್ತೆಗೆ ಕರೆ ಮಾಡಬಾರದೇ ಎನ್ನಬೇಡಿ, ಅದರ ಕ್ಯಾಮೆರಾವನ್ನು ಆಫೀಸಿನವರೇ ಬಂದ್ ಮಾಡಿಟ್ಟಿದ್ದಾರೆ. ಮೊಬೈಲ್ ಸಿಗ್ನಲ್ ಸಿಗುವುದು ಹೊರಗಿನ ಮೆಟ್ಟಿಲಿನಲ್ಲಿ ಮಾತ್ರ. ಅಲ್ಲಿ ಒಂದು ಕೈಯಲ್ಲಿ ಫೋನ್ ಹಿಡಿದರೆ ಅರ್ಧ ಬಾಯಿಗೆ ಬಟ್ಟೆ ತುರುಕಿದಂತೆ. ಹೋಗಲಿ, ನಾವೇ ಹೊಸ ರೂಟರ್ ತರೋಣವೆಂದರೆ, ಬೇರೆ ಯಾವುದೂ ಒಗ್ಗದಂತೆ ನಿಮ್ಮ ಲೈನಿಗೆ ಬೀಗ ಜಡಿದಿದ್ದೀರಿ.

ಈಗ ನನ್ನ ನಿಜವಾದ ಸಂಕಟ ಕೇಳಿ. ಕೈಮಾತಿನವರಲ್ಲಿ ಪ್ರತಿಯೊಬ್ಬರಿಗೂ ಕೈಯಲ್ಲೇ ಒಂದು ಹೆಸರಿರುತ್ತದೆ. ಅದನ್ನು ನಾವೇ ಇಟ್ಟುಕೊಳ್ಳುವಂತಿಲ್ಲ, ಅವರು ಕೊಡಬೇಕು. ಮೊನ್ನೆ ಅತ್ತೆ, ನಿನಗೊಂದು ಹೆಸರು ಯೋಚಿಸಿದ್ದೇನೆ ಎಂದರು. ನನಗೆ ಕುಣಿಯುವಂತಾಯಿತು! ಅವರು ಎರಡು ಬೆರಳನ್ನು ಕೆನ್ನೆಯ ಗುಳಿಗೆ ತಾಗಿಸಿದರು, ಬೆರಳು ಕೆನ್ನೆ ಬಿಟ್ಟಿತು, ಅಲ್ಲಿಗೆ ಚಿತ್ರ ನಿಂತು ಕರೆಯೇ ಕಡಿಯಿತು. ನಿಮ್ಮ ಹಸಿರು ದೀಪ ಹಾಯಾಗಿ ಉರಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ಅವರ ಸಂದೇಶ ಬಂತು: ‘ಇಷ್ಟ ಆಗ್ಲಿಲ್ವೇನಮ್ಮ? ಪರವಾಗಿಲ್ಲ, ಬಲವಂತ ಇಲ್ಲ.’ ನೆಟ್ ಹೋಯಿತು ಅತ್ತೆ ಎಂದು ಬರೆದೆ. ಕರೆ ಬೇಡವಾದವರೆಲ್ಲ ಹೇಳುವ ನೆಪವೂ ಅದೇ ಅಲ್ಲವೇ? ಆಮೇಲೆ ಅವರಾಗಿ ಕರೆ ಮಾಡಿಲ್ಲ. ಆ ಬೆರಳು ಎಲ್ಲಿಗೆ ಹೊರಟಿತ್ತು? ಹಣೆಗೋ, ಎದೆಗೋ? ಗಂಡನನ್ನು ಕೇಳಿದರೆ, ‘ನಂಗೂ ಹೇಳಿಲ್ಲ ಕಣೆ, ಅದನ್ನ ಅಮ್ಮನೇ ಕೊಡ್ಬೇಕು’ ಎನ್ನುತ್ತಾನೆ. ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಅಡುಗೆ ಮಾಡುತ್ತಲೂ ಕೆನ್ನೆ ಮುಟ್ಟಿಕೊಳ್ಳುತ್ತಿದ್ದೇನೆ.

ಆದ್ದರಿಂದ ನಿಮ್ಮ ಹಸಿರು ದೀಪದ ನಿಯಮವನ್ನು ಕಿತ್ತುಹಾಕಿ. ಕೇಬಲಿನಲ್ಲಿ ಸರಿಯಿದ್ದು ಪಕ್ಕದಲ್ಲೇ ಕೂತರೂ ವೈಫೈ ಕಡಿದರೆ ರೂಟರ್ ಬದಲಿಸತಕ್ಕದ್ದು ಎಂದು ಆ ಹುಡುಗಿಯ ಪರದೆಯ ಮೇಲೆ ಬರೆಸಿ. ಅದಕ್ಕೂ ಮೊದಲು ನಮ್ಮದನ್ನು ಬದಲಿಸಿ, ಈ ವಾರವೇ. ಹೊಸ ಡಬ್ಬಿ ಬಂದ ಸಂಜೆ ನಾನೇ ಅತ್ತೆಗೆ ಕರೆ ಮಾಡುತ್ತೇನೆ. ಎರಡು ಬೆರಳು ಕೆನ್ನೆಗಿಟ್ಟು, ‘ಆಮೇಲೆ?’ ಎಂದು ಕೇಳುತ್ತೇನೆ. ಆಗ ಚಿತ್ರ ನಿಲ್ಲಬಾರದು.

ಇಂತಿ,
ಸದ್ಯಕ್ಕೆ ಕೆನ್ನೆಯವರೆಗೆ ಮಾತ್ರ ಹೆಸರಿರುವ
ನಿಮ್ಮ ಗ್ರಾಹಕಿ