ಅವ್ವ ಅಳೆದ ಸಾಮೆ

ಕೊಂಬೈ, 1896, ಭಾನುವಾರ

ತಂಗೀ ಓಚ್ಚಮ್ಮಾ,

ಕಿರಿಸ್ತಾನರ ವೇದಕ್ಕೆ ಸೇರಿ ಗಂಡನ ಜೊತೆ ಕಡಲಾಚೆ ಕಂಡಿ ಸೀಮೆಗೆ ಹೋದವಳು ಯಾವ ಚಹಾ ತೋಟದಲ್ಲಿದ್ದೀಯೋ. ನಾನೇನು ಇದನ್ನು ಕಳಿಸೋನಲ್ಲ. ಮನೆಯಲ್ಲಿ ನಿನ್ನ ಹೆಸರೆತ್ತಬಾರದು ಅಂದವನು ನಾನೇ ತಾನೆ?

ಗುಡಾಣದಲ್ಲಿ ಸಾಮೆ ಬೇಗ ಇಳಿಯುತ್ತಿತ್ತು. ಮೊದಲು ಹೆಂಡತಿ ಮೇಲೆ ಅನುಮಾನಪಟ್ಟೆ, ಆಮೇಲೆ ಅವಳ ತಮ್ಮನ ಮೇಲೆ. ಹೊತ್ತು ಮುಳುಗೋ ಮುಂಚೆಯೇ ಬಾಗಿಲಿಗೆ ಅಗಳಿ ಹಾಕತೊಡಗಿದೆ.

ಇವತ್ತು ಅವ್ವ ಹೊಲಕ್ಕೆ ಅಂತ ಹೊರಟಳು. ಸೆರಗಿನಲ್ಲಿ ಗಂಟಿತ್ತು. ಹಿಂದೆಯೇ ಹೋದೆ. ನೇರ ನಿಮ್ಮ ವೇದಕೋಯಿಲಿಗೆ, ಆ ಶಿಲುಬೆ ಗುಡಿಗೆ, ಹೋದಳು! ಅಲ್ಲಿ ಹೆಂಗಸರು ದಿನಾ ಅಡುಗೆಗೆ ಮುಂಚೆ ತೆಗೆದಿಟ್ಟ ಹಿಡಿ ಅಕ್ಕಿಯನ್ನು ತಂದು ಒಂದು ಅಂಡೆಗೆ ಸುರಿಯುತ್ತಿದ್ದರು. ಆ ಬಿಳಿ ಅಕ್ಕಿ ಮೇಲೆ ಅವ್ವ ನಮ್ಮ ಸಾಮೆ ಸುರಿದಳು. ಈ ಹಿಡಿ ಅಕ್ಕಿ ಮಾರಿಯೇ ಕೋಯಿಲು ಕಟ್ಟಿದ ಸಾಲವೆಲ್ಲ ತೀರಿತು ಅಂತ ಉಪದೇಶಿ ಸಾರಿದ. ಅವನ ಹೊಟ್ಟೆ ನೋಡಿದರೆ ಅರ್ಧ ಅಕ್ಕಿ ಅಲ್ಲಿಗೇ ಇಳಿದಿದೆ ಅಂತ ನನಗೆ ಈಗಲೂ ಅನುಮಾನ.

ದಾರಿಯಲ್ಲಿ ಅವ್ವನನ್ನು ತಡೆದೆ. "ನೀನೂ ವೇದಕ್ಕೆ ಸೇರಿದೆಯಾ?"

"ಇಲ್ಲಪ್ಪಾ. ಅಡುಗೆಗೆ ಅಳೆಯೋವಾಗ ಕೈ ಅವಳಿಗೂ ಸೇರಿಸಿ ಅಳೆದುಬಿಡುತ್ತೆ. ಅವಳ ಪಾಲನ್ನ ಅವಳ ಕೋಯಿಲಿಗೆ ಹಾಕ್ತಿದ್ದೆ."

"ಸಾಲ ತೀರಿತಲ್ಲ, ಇನ್ನು ಸಾಕು" ಅಂದೆ.

ಸಂಜೆ ಅಳೆಯುವಾಗ ಕೊನೇ ಹಿಡಿ ಅವ್ವನ ಕೈಯಲ್ಲೇ ನಿಂತಿತು. ನನ್ನ ಮುಖ ನೋಡಿದಳು. ಆಮೇಲೆ ಅದನ್ನೂ ಎಸರಿಗೆ ಹಾಕಿದಳು.

ಎಲ್ಲರೂ ಉಂಡ ಮೇಲೆ ಒಬ್ಬರ ಪಾಲು ಮಿಕ್ಕಿದೆ. ಅವ್ವ ತಟ್ಟೆ ಮುಚ್ಚಿಟ್ಟಿದ್ದಾಳೆ. ನಾನು ಇನ್ನೂ ಅಗಳಿ ಹಾಕಿಲ್ಲ.